ಹತ್ತು ಗೋಲುಗಳ ಪಾಠ

ಶತಮಾನೋತ್ಸವದ ಸಂಪುಟದಲ್ಲಿ ಗೆಲುವುಗಳನ್ನು ಸ್ಮರಿಸುವುದು ವಾಡಿಕೆ. ನಾನು ಒಂದು ಸೋಲನ್ನು ಸ್ಮರಿಸಬಯಸುತ್ತೇನೆ. 1952ರ ಜುಲೈ ತಿಂಗಳಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡವು ಯುಗೊಸ್ಲಾವಿಯಾದ ಎದುರು 10–1ರಿಂದ ಪರಾಭವಗೊಂಡಿತು. ನಮ್ಮ ಏಕೈಕ ಗೋಲನ್ನು ಗಳಿಸಿದವರು ಬೆಂಗಳೂರಿನ ಅಹಮದ್ ಖಾನ್. ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಆಗ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಇವೆಲ್ಲಕ್ಕೂ ಹೈದರಾಬಾದೇ ರಾಜಧಾನಿ. ಹೀಗಾಗಿ ರಹೀಂ ಸಾಹೇಬರು ನಮ್ಮ ರಾಜ್ಯದವರೇ ಆಗಿದ್ದರು. ಮೇಲಾಗಿ ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು.

ಆ ಸೋಲಿನ ಬಗ್ಗೆ ಕ್ರೀಡಾಭಿಮಾನಿಗಳಲ್ಲಿ ದೀರ್ಘ ಚರ್ಚೆ ನಡೆಯಿತು. ನಮ್ಮ ಹಲವರು ಬರಿಗಾಲಿನಲ್ಲಿ ಆಡಿದರು, ಚಳಿ ಸಹಿಸಲಾಗಲಿಲ್ಲ ಎಂಬುದೇ ಬಹುಜನರ ಮಾತಾಗಿತ್ತು. ಮುಂದೆ ಬೂಟು ಕಡ್ಡಾಯವೂ ಆಯಿತು. ಆದರೆ ದೋಷ ಕಾಲಿನಲ್ಲಷ್ಟೇ ಇರಲಿಲ್ಲ, ಆಟಗಾರರು ನಿಂತ ಕ್ರಮದಲ್ಲೂ ಇತ್ತು. ಹಿಂದೆ ಇಬ್ಬರು ಬ್ಯಾಕ್‌ಗಳು, ನಡುವೆ ಮೂವರು, ಮುಂದೆ ಐವರು ಎಂಬುದು ನಮ್ಮ ಹಳೆಯ ಪದ್ಧತಿ. ಇಬ್ಬರು ಬ್ಯಾಕ್‌ಗಳ ನಡುವಿನ ತೆರವಿನಲ್ಲಿ ಎದುರಾಳಿಗೆ ದಾರಿ ಸುಲಭವಾಗಿತ್ತು. ರಹೀಂ ಅವರು ಆ ತೆರವಿಗೆ ಮೂರನೆಯ ಬ್ಯಾಕ್ ಒಬ್ಬನನ್ನು ತಂದರು. ಮುಂದೆ ನಾಲ್ವರನ್ನು ನಿಲ್ಲಿಸುವ ಕ್ರಮವನ್ನೂ ಅಳವಡಿಸಿದರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಮೂರೂ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮರುತಿಂಗಳೇ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಅವರ ತಂಡವು ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಅಲ್ಲಿ ಮತ್ತೆ ಯುಗೊಸ್ಲಾವಿಯಾ ಎದುರಾಯಿತು. ಮೊದಲ ಗೋಲು ನಮ್ಮದಾದರೂ ಪಂದ್ಯ 1–4ರಿಂದ ಕೈತಪ್ಪಿತು. ಅದೂ ಸೋಲೇ, ಆದರೆ ಹತ್ತಕ್ಕೂ ನಾಲ್ಕಕ್ಕೂ ಇರುವ ಅಂತರವೇ ನಾಲ್ಕು ವರ್ಷಗಳ ಪರಿಶ್ರಮದ ಅಳತೆ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 0–2ರಿಂದ ಒಪ್ಪಿಸಿತು. ಅನಂತರ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ರಹೀಂ ಅವರನ್ನು ಮುಂಪಡೆಯಲ್ಲಿ ಆಡಿಸಿದರು. ಅದೇ ಕೊರಿಯಾದ ವಿರುದ್ಧದ ಫೈನಲ್‌ನಲ್ಲಿ ಭಾರತ 2–1ರಿಂದ ಗೆದ್ದಿತು. ಒಂದು ಗೋಲು ಜರ್ನೈಲರದೇ. ಮರುವರ್ಷ ಜೂನ್‌ನಲ್ಲಿ ರಹೀಂ ಕ್ಯಾನ್ಸರ್‌ನಿಂದ ನಿಧನರಾದರು.

ಗಡಿಯ ಈಚೆಗಿನ ಕನ್ನಡ ಶಾಲೆಗೆ ಈ ಇತಿಹಾಸ ಹೊರಗಿನದಲ್ಲ. ತರಗತಿಯಲ್ಲಿ ಮಕ್ಕಳು ಕಡಿಮೆಯಾದಾಗ ನಾವೂ ಪೋಷಕರ ಇಂಗ್ಲಿಷ್ ವ್ಯಾಮೋಹವನ್ನು ದೂರುತ್ತೇವೆ. ಅದು ಬರಿಗಾಲಿನ ನೆಪದಂತೆ ಅರ್ಧಸತ್ಯ. ನಮ್ಮ ನಿಜವಾದ ತೆರವು ಹತ್ತನೆಯ ತರಗತಿಯ ಬಳಿ ಇದೆ. ಅಲ್ಲಿಯವರೆಗೆ ಕನ್ನಡದಲ್ಲಿ ಕಲಿತ ಮಗು ಮುಂದೆ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಒಂಟಿಯಾಗಿ ಹೋಗಬೇಕಾಗುತ್ತದೆ. ಕನ್ನಡವನ್ನು ಬಿಡದೆ ಆ ಎರಡು ಭಾಷೆಗಳನ್ನೂ ಗಟ್ಟಿಯಾಗಿ ಕಲಿಸಿ ಕಳುಹಿಸುವುದೇ ನಾವು ನಿಲ್ಲಿಸಬೇಕಾದ ಮೂರನೆಯ ಬ್ಯಾಕ್. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಹೊತ್ತಿನಲ್ಲಿ ಶಿಕ್ಷಕರು, ಪೋಷಕರು, ಹಳೆಯ ವಿದ್ಯಾರ್ಥಿಗಳು ಕೂಡಿ ಆ ಸ್ಥಾನವನ್ನು ತುಂಬಬೇಕೆಂದು ನನ್ನ ವಿನಂತಿ.