ಎಲ್‌ಡೆಫ್

ಬಾಹ್ಯಾಕಾಶದ ಪರಿಸರ ವಸ್ತುಗಳ ಮೇಲೆ ಬೀರುವ ಪರಿಣಾಮವನ್ನು ಅರಿಯಲು ಅಮೆರಿಕದ ನಾಸಾ ಕಕ್ಷೆಗೆ ಸೇರಿಸಿದ ಉಪಗ್ರಹ. ಪೂರ್ಣ ಹೆಸರು ಲಾಂಗ್ ಡ್ಯುರೇಶನ್ ಎಕ್ಸ್‌ಪೋಶರ್ ಫೆಸಿಲಿಟಿ. 9.1 ಮೀಟರ್ ಉದ್ದ, 4.3 ಮೀಟರ್ ವ್ಯಾಸ, ಹನ್ನೆರಡು ಮುಖಗಳಿದ್ದ ಈ ಸಿಲಿಂಡರಿನ ಮೇಲೆ 57 ಪ್ರಯೋಗಗಳಿದ್ದವು. ಲೋಹ, ಬಣ್ಣ, ಪಾಲಿಮರ್, ಗಾಜು ಮೊದಲಾದವುಗಳ 10,000ಕ್ಕೂ ಹೆಚ್ಚು ಮಾದರಿಗಳನ್ನು ಅಳವಡಿಸಲಾಗಿತ್ತು.

1984ರ ಏಪ್ರಿಲ್‌ನಲ್ಲಿ ಚಾಲೆಂಜರ್ ನೌಕೆ ಇದನ್ನು ಕಕ್ಷೆಗೆ ಬಿಟ್ಟಿತು. ಸುಮಾರು ಒಂದು ವರ್ಷದಲ್ಲಿ ಮರಳಿ ತರುವ ಯೋಜನೆಯಿತ್ತು. ವೇಳಾಪಟ್ಟಿಯ ಬದಲಾವಣೆ ಹಾಗೂ 1986ರ ಚಾಲೆಂಜರ್ ದುರಂತದಿಂದ ತಡವಾಗಿ, 1990ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಹಿಂದಕ್ಕೆ ತಂದಿತು.

ಉಪಗ್ರಹದ ಒಂದೇ ಬದಿ ಸದಾ ಚಲನೆಯ ದಿಕ್ಕಿಗಿದ್ದುದರಿಂದ ಮುಂಬದಿ, ಹಿಂಬದಿಗಳ ಹೋಲಿಕೆ ಸುಲಭವಾಯಿತು. ಮುಂಬದಿಗೆ ಪರಮಾಣು ಆಮ್ಲಜನಕ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಬಡಿದು, ರಕ್ಷಣಾ ಲೇಪನವಿಲ್ಲದ ತೆಳು ಕ್ಯಾಪ್ಟಾನ್ ಪಾಲಿಮರ್ ಹಾಳೆಗಳು ಸವೆದುಹೋದವು. ಎ276 ಎಂಬ ಬಿಳಿ ಬಣ್ಣ ಹಿಂಬದಿಯಲ್ಲಿ ಅತಿನೇರಳೆ ಕಿರಣಗಳಿಂದ ಕಂದುಗಟ್ಟಿತ್ತು. ಮುಂಬದಿಯಲ್ಲಿ ಕಂದಿದ ಪದರವನ್ನೇ ಆಮ್ಲಜನಕ ಸವೆಸಿದ್ದರಿಂದ ಬೆಳ್ಳಗೇ ಉಳಿದಿತ್ತು. ಉಲ್ಕಾಕಣ ಮತ್ತು ಬಾಹ್ಯಾಕಾಶ ಕಸದ ಹೊಡೆತದಿಂದಾದ ಸಾವಿರಾರು ಕುಳಿಗಳನ್ನೂ ಗುರುತಿಸಲಾಯಿತು.

ಫಲಿತಾಂಶಗಳು 1991ರ ವಿಚಾರ ಸಂಕಿರಣದಿಂದ ಮೊದಲ್ಗೊಂಡು ನಾಸಾದ ಸಂಪುಟಗಳಲ್ಲಿ ಪ್ರಕಟವಾಗಿವೆ. ಕೆಳಕಕ್ಷೆಯ ನೌಕೆಗಳಿಗೆ ಲೇಪನ, ನಿರೋಧಕ ಹಾಳೆಗಳನ್ನು ಆಯುವಾಗ ಇವು ಮುಖ್ಯ ಆಕರಗಳಾಗಿವೆ.