ಪೋಕ್ಸೊ ಪ್ರಕರಣ: ನ್ಯಾಯಾಲಯ ಸಾಕ್ಷ್ಯವನ್ನು ಹೇಗೆ ತೂಗುತ್ತದೆ?

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ ಅನೇಕ ಕುಟುಂಬಗಳು ಹಿಂಜರಿಯಲು ಎರಡು ಕಾರಣ: ಮನೆತನದ ಮರ್ಯಾದೆ, ಮತ್ತು ‘ಕಂಡವರು ಯಾರೂ ಇಲ್ಲ, ಕೇಸು ನಿಲ್ಲುವುದಿಲ್ಲ’ ಎಂಬ ನಂಬಿಕೆ. ಎರಡನೆಯದು ತಪ್ಪು ತಿಳಿವಳಿಕೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿದಂತೆ ಎಲ್ಲೆಡೆ ಇಂಥ ಪ್ರಕರಣಗಳಿಗೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ವಿಚಾರಣೆ ಸೆಷನ್ಸ್ ದರ್ಜೆಯ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತದೆ. ಕೊಪ್ಪಳ ಜಿಲ್ಲೆಯ ಮೇಲ್ಮನವಿಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ.

ಮಗುವಿನ ಮಾತು

ಸಾಕ್ಷಿ ಹೇಳಲು ಕನಿಷ್ಠ ವಯಸ್ಸಿಲ್ಲ. ಪ್ರಶ್ನೆ ಅರ್ಥಮಾಡಿಕೊಂಡು ಸರಿಯಾಗಿ ಉತ್ತರಿಸಬಲ್ಲ ಮಗು ಸಾಕ್ಷಿಯಾಗಬಹುದು. ಇದನ್ನು ನ್ಯಾಯಾಧೀಶರು ಕೆಲವು ಸರಳ ಪ್ರಶ್ನೆ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಹೇಳಿಕೆ ನಂಬಿಕೆಗೆ ಅರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದು. ಬಾಧಿತೆಯ ಮಾತಿಗೆ ಬೇರೆ ಪುಷ್ಟಿ ಬೇಕೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಪಂಜಾಬ್ ಸರ್ಕಾರ ವಿರುದ್ಧ ಗುರ್ಮೀತ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಮರ್ಯಾದೆಗೆ ಅಂಜಿ ದೂರು ತಡವಾಗುವುದು ಸಹಜ ಎಂಬುದನ್ನೂ ಅದೇ ತೀರ್ಪು ಒಪ್ಪಿದೆ.

ಆದರೆ ಮಕ್ಕಳ ಮಾತನ್ನು ಎಚ್ಚರದಿಂದಲೇ ತೂಗಲಾಗುತ್ತದೆ. ದೊಡ್ಡವರು ಹೇಳಿಕೊಟ್ಟಿದ್ದಾರೆಯೇ, ಪೊಲೀಸರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ ಮತ್ತು ನ್ಯಾಯಾಲಯದಲ್ಲಿ ಹೇಳಿದ ಮುಖ್ಯ ಸಂಗತಿಗಳು ಹೊಂದುತ್ತವೆಯೇ ಎಂದು ನೋಡುತ್ತಾರೆ. ದಿನಾಂಕ, ವೇಳೆಯಂಥ ಸಣ್ಣ ವ್ಯತ್ಯಾಸಗಳಿಂದ ಕೇಸು ಬೀಳುವುದಿಲ್ಲ. ಆದ್ದರಿಂದ ಪಾಲಕರು ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಲಿ. ತಿದ್ದುವುದು, ಬಾಯಿಪಾಠ ಮಾಡಿಸುವುದು ಬೇಡ. ಮನೆಯಲ್ಲಿ ಮಾರವಾಡಿ, ತೆಲುಗು ಅಥವಾ ಲಂಬಾಣಿ ಆಡುವ ಮಗುವಿಗೆ ಕಲಂ 38ರಂತೆ ಭಾಷಾಂತರಕಾರರ ನೆರವು ಸಿಗುತ್ತದೆ.

ವೈದ್ಯಕೀಯ ವರದಿ

ದೇಹದ ಮೇಲೆ ಗಾಯವಿಲ್ಲವೆಂದರೆ ಘಟನೆಯೇ ನಡೆದಿಲ್ಲ ಎಂದಲ್ಲ. ಬಟ್ಟೆಯ ಮೇಲಿಂದ ಮುಟ್ಟಿದರೂ, ಲೈಂಗಿಕ ಉದ್ದೇಶವಿದ್ದರೆ ಅಪರಾಧವೇ ಎಂದು 2021ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಎಫ್‌ಐಆರ್ ಆಗುವ ಮೊದಲೂ ತಪಾಸಣೆ ಮಾಡಿಸಬಹುದು. ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಬಟ್ಟೆ ತೊಳೆಯಬೇಡಿ, ಮೊಬೈಲ್ ಸಂದೇಶ ಅಳಿಸಬೇಡಿ.

ವಯಸ್ಸಿನ ದಾಖಲೆ

18 ತುಂಬಿಲ್ಲವೆಂದು ಸಾಬೀತಾದರೆ ಮಾತ್ರ ಪೋಕ್ಸೊ ಅನ್ವಯ. ಆಗ ‘ಒಪ್ಪಿಗೆ ಇತ್ತು’ ಎಂಬ ವಾದ ನಡೆಯುವುದಿಲ್ಲ. ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರಕ್ಕೆ ಮೊದಲ ಸ್ಥಾನ, ನಂತರ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಇವು ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ವರ್ಗಾವಣೆ ಪತ್ರವೊಂದೇ ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆರೋಪಿಯ ಹಕ್ಕು

ಗಂಭೀರ ಆರೋಪಗಳಲ್ಲಿ ಕಲಂ 29ರ ಪ್ರಕಾರ ಆರೋಪಿ ತಪ್ಪು ಮಾಡಿದ್ದಾನೆಂದೇ ನ್ಯಾಯಾಲಯ ಭಾವಿಸುತ್ತದೆ. ಆದರೆ ಮಗುವಿನ ವಯಸ್ಸು, ಘಟನೆಯಂಥ ಮೂಲ ಸಂಗತಿಗಳನ್ನು ಸರ್ಕಾರಿ ಪರ ವಕೀಲರು ಮೊದಲು ತೋರಿಸಿಕೊಡಬೇಕು. ಪಾಟೀ ಸವಾಲಿನಲ್ಲಾಗಲಿ, ತನ್ನ ಸಾಕ್ಷಿಗಳಿಂದಾಗಲಿ ಅದನ್ನು ಅಲ್ಲಗಳೆಯುವ ಅವಕಾಶ ಆರೋಪಿಗೆ ಇದ್ದೇ ಇದೆ. ಅನುಮಾನವೊಂದರಿಂದಲೇ ಶಿಕ್ಷೆಯಾಗುವುದಿಲ್ಲ.

ರಾಜಿ ಇಲ್ಲ

ಹಿರಿಯರು ಕೂತು ಬಗೆಹರಿಸಿದರೆ ಅಪರಾಧ ಅಳಿಯುವುದಿಲ್ಲ. ರಾಜಸ್ಥಾನದ ಶಿಕ್ಷಕನೊಬ್ಬನ ಪ್ರಕರಣ ರಾಜಿಯ ಮೇಲೆ ರದ್ದಾಗಿದ್ದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತಳ್ಳಿಹಾಕಿ, ವಿಚಾರಣೆ ಮುಂದುವರಿಸಲು ಆದೇಶಿಸಿತು. ಶಾಲೆ, ಪಾಠಶಾಲೆ, ವಸತಿನಿಲಯ, ಬಸದಿ ಯಾವುದೇ ಇರಲಿ, ಶಿಕ್ಷಣ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದವರಾಗಲಿ ಸಿಬ್ಬಂದಿಯಾಗಲಿ ಅಲ್ಲಿನ ಮಗುವಿನ ಮೇಲೆ ಎಸಗಿದರೆ ಅದು ಇನ್ನೂ ಘೋರ ಅಪರಾಧ. ಕೈಕೆಳಗಿನವರ ತಪ್ಪನ್ನು ತಿಳಿದೂ ವರದಿ ಮಾಡದ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು ಮತ್ತು ದಂಡವಿದೆ.

ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಸಾಕ್ಷಿ ಹೇಳುವಾಗ ಮಗುವಿಗೆ ಆರೋಪಿ ಎದುರಾಗದಂತೆ ನೋಡಿಕೊಳ್ಳಲಾಗುತ್ತದೆ, ಹೆಸರು ಪತ್ರಿಕೆಗಳಲ್ಲಿ ಬರುವಂತಿಲ್ಲ. ಮರ್ಯಾದೆಯ ಭಯಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಮಗುವಿನ ಮಾತು ನ್ಯಾಯಾಧೀಶರವರೆಗೆ ತಲುಪಬೇಕಾದರೆ ಮೊದಲು ಮನೆಯವರು ಅದನ್ನು ನಂಬಬೇಕು.

ಮಕ್ಕಳ ಸಹಾಯವಾಣಿ: 1098. ತುರ್ತು ಪೊಲೀಸ್ ನೆರವು: 112. ಉಚಿತ ವಕೀಲರ ನೆರವಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು.