ಸಹವೇಲೆನ್ಸೀಯ ಬಂಧ: ಎರಡು ಚುಕ್ಕೆಗಳ ಹಿಂದಿನ ಕಥೆ

ಓದುಗರೇ, ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರ ವಿಜ್ಞಾನದ ನೋಟ್ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಎಲ್ಲೋ ಒಂದು ಪುಟದಲ್ಲಿ ಎರಡು ‘ಎಚ್’ ಅಕ್ಷರಗಳು, ಅವುಗಳ ನಡುವೆ ಎರಡು ಚುಕ್ಕೆಗಳು ಕಾಣಸಿಗುತ್ತವೆ. ಹೈಡ್ರೋಜನ್ನಿನ ಎರಡು ಪರಮಾಣುಗಳು ತಲಾ ಒಂದು ಎಲೆಕ್ಟ್ರಾನನ್ನು ಹಂಚಿಕೊಂಡು ಒಂದು ಅಣುವಾಗುತ್ತವೆ, ಇದೇ ಸಹವೇಲೆನ್ಸೀಯ ಬಂಧ ಎಂದು ಕೆಳಗೆ ಬರೆದಿರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಆದರೆ ಆ ಎರಡು ಚುಕ್ಕೆಗಳನ್ನು ಅಲ್ಲಿ ಇಡಲು ರಸಾಯನಶಾಸ್ತ್ರಜ್ಞರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

1800ರಲ್ಲಿ ಇಟಲಿಯ ವೋಲ್ಟಾ ವಿದ್ಯುತ್ ಕೋಶವನ್ನು ಜಗತ್ತಿಗೆ ಪರಿಚಯಿಸಿದರು. ಅದರ ತಂತಿಗಳನ್ನು ನೀರಿಗೆ ಇಳಿಬಿಟ್ಟರೆ ನೀರು ಒಡೆದು ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಕ್ಸಿಜನ್ ಬರುತ್ತಿತ್ತು. ವಿದ್ಯುತ್ತು ವಸ್ತುಗಳನ್ನು ಒಡೆಯುತ್ತದೆ ಎಂದಾದರೆ ಅವುಗಳನ್ನು ಹಿಡಿದಿಟ್ಟಿರುವುದೂ ವಿದ್ಯುತ್ತೇ ಇರಬೇಕಲ್ಲವೇ? ಸ್ವೀಡನ್ನಿನ ಬರ್ಜೀಲಿಯಸ್ ಹಾಗೆಯೇ ತರ್ಕಿಸಿದರು. ಒಂದು ಪರಮಾಣು ಧನ, ಮತ್ತೊಂದು ಋಣ. ವಿರುದ್ಧವಾದವು ಆಕರ್ಷಿಸುತ್ತವೆ, ಒಂದೇ ಬಗೆಯವು ದೂರ ತಳ್ಳುತ್ತವೆ. ಅಡುಗೆ ಉಪ್ಪಿನ ಮಟ್ಟಿಗೆ ಈ ಮಾತು ಇಂದಿಗೂ ಸರಿ.

ತೊಂದರೆ ಬಂದದ್ದು ಹೈಡ್ರೋಜನ್ನಿನಲ್ಲಿ. 1811ರಲ್ಲಿ ಅವೊಗ್ಯಾಡ್ರೊ, ಹೈಡ್ರೋಜನ್ ಅನಿಲದ ಕಣದಲ್ಲಿ ಹೈಡ್ರೋಜನ್ನಿನದೇ ಎರಡು ಪರಮಾಣುಗಳಿವೆ ಎಂಬ ಅರ್ಥ ಬರುವ ವಾದವನ್ನು ಮಂಡಿಸಿದ್ದರು. ಒಂದೇ ಜಾತಿಯ ಎರಡು ಪರಮಾಣುಗಳು ಒಂದನ್ನೊಂದು ತಳ್ಳಬೇಕೇ ಹೊರತು ಕೂಡುವುದು ಹೇಗೆ? ಬರ್ಜೀಲಿಯಸ್ ಅದನ್ನು ಒಪ್ಪಲಿಲ್ಲ. ಅವರ ಮಾತಿಗೆ ಯುರೋಪಿನಲ್ಲಿ ಎಷ್ಟು ತೂಕವಿತ್ತೆಂದರೆ ಅವೊಗ್ಯಾಡ್ರೊ ವಿಚಾರ ಸುಮಾರು ಐವತ್ತು ವರ್ಷ ಮೂಲೆಗುಂಪಾಯಿತು. ಅಷ್ಟು ಕಾಲವೂ ಪರಮಾಣು ತೂಕಗಳ ವಿಷಯದಲ್ಲಿ ಗೊಂದಲವೋ ಗೊಂದಲ. ನೀರಿನ ಸೂತ್ರವನ್ನೇ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದರು! 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕ್ಯಾನಿಜಾರೊ ಅವೊಗ್ಯಾಡ್ರೊ ಪರವಾಗಿ ವಾದಿಸಿದ ಮೇಲೆಯೇ ದಾರಿ ತಿಳಿಯಾದದ್ದು. ಅಷ್ಟರಲ್ಲಿ ಅವೊಗ್ಯಾಡ್ರೊ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಸಮಾನವಾದ ಪರಮಾಣುಗಳು ಕೂಡುತ್ತವೆ ಎಂಬುದನ್ನು ಒಪ್ಪಿದ್ದಾಯಿತು, ಏಕೆ ಎಂಬುದು ಮಾತ್ರ ಉಳಿಯಿತು. 1850ರ ದಶಕದಲ್ಲಿ ಫ್ರಾಂಕ್‌ಲ್ಯಾಂಡ್, ಕೆಕುಲೆ, ಕೂಪರ್ ಮೊದಲಾದವರು ವೇಲೆನ್ಸಿಯ ಲೆಕ್ಕವನ್ನು ಕಂಡುಹಿಡಿದರು. ಕಾರ್ಬನ್ನಿಗೆ ನಾಲ್ಕು ಕೈ, ಆಕ್ಸಿಜನ್ನಿಗೆ ಎರಡು, ಹೈಡ್ರೋಜನ್ನಿಗೆ ಒಂದು. ಅಕ್ಷರಗಳ ನಡುವೆ ಗೆರೆ ಎಳೆಯುವ ಪದ್ಧತಿ ಬಂತು. ಆ ಗೆರೆಗಳನ್ನು ನಂಬಿ ಕಾರ್ಖಾನೆಗಳಲ್ಲಿ ಬಣ್ಣಗಳನ್ನೂ ಔಷಧಿಗಳನ್ನೂ ತಯಾರಿಸಿದರು. ಆದರೆ ಗೆರೆ ಎಂದರೇನು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ.

1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದರು. ಅದಾಗಿ ಐದು ವರ್ಷಕ್ಕೆ, 1902ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗಿಲ್ಬರ್ಟ್ ನ್ಯೂಟನ್ ಲೂಯಿಸ್ ಎಂಬ ಯುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಪಾಠ ಹೇಳುವ ತಯಾರಿಯಲ್ಲಿ ಒಂದು ಹಾಳೆಯ ಮೇಲೆ ಘನಾಕೃತಿಗಳನ್ನು ಬರೆದರು. ಘನಾಕೃತಿಗೆ ಎಂಟು ಮೂಲೆ; ಪರಮಾಣುವಿನ ಹೊರ ಎಲೆಕ್ಟ್ರಾನುಗಳು ಆ ಮೂಲೆಗಳಲ್ಲಿ ಕೂತಿವೆ, ಎಂಟೂ ತುಂಬಿದರೆ ಪರಮಾಣು ತೃಪ್ತ ಎಂಬ ಕಲ್ಪನೆ. ಹಂಚಿಕೆಯ ವಿಚಾರ ಆಗಿನ್ನೂ ಹುಟ್ಟಿರಲಿಲ್ಲ. ಒಂದು ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ, ಅಷ್ಟೆ. ಹಾರ್ವರ್ಡಿನ ವಾತಾವರಣ ಇಂತಹ ಊಹೆಗಳಿಗೆ ಅನುಕೂಲವಾಗಿರಲಿಲ್ಲವೆಂದು ಲೂಯಿಸ್ ಮುಂದೆ ಹೇಳಿಕೊಂಡಿದ್ದಾರೆ. ಹಾಳೆ ಅಚ್ಚಾಗದೆ ಉಳಿಯಿತು. ಅವರು ಕೆಲಕಾಲ ಫಿಲಿಪ್ಪೀನ್ಸಿನ ಮನಿಲಾದಲ್ಲಿ ತೂಕ ಮತ್ತು ಅಳತೆಗಳ ಅಧಿಕಾರಿಯಾಗಿಯೂ ಕೆಲಸ ಮಾಡಿದರು. ಪರಮಾಣುಗಳ ಬಂಧ ಬಿಡಿಸಬೇಕಾದವರು ತಕ್ಕಡಿ ತೂಕ ನೋಡುತ್ತಿದ್ದರು!

1912ರಲ್ಲಿ ಅವರು ಬರ್ಕ್ಲಿಗೆ ಬಂದರು. ಮರುವರ್ಷ ಮೋಸ್ಲಿಯ ಪ್ರಯೋಗಗಳು ಪರಮಾಣು ಸಂಖ್ಯೆಗೆ ಗಟ್ಟಿ ನೆಲೆ ಕೊಟ್ಟವು. ಯಾವ ಪರಮಾಣುವಿನಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಎಣಿಸಬಹುದಾಯಿತು. ಎಣಿಸಿ ನೋಡಿದರೆ ಬಹುಪಾಲು ಅಣುಗಳಲ್ಲಿ ಎಲೆಕ್ಟ್ರಾನುಗಳ ಮೊತ್ತ ಸಮಸಂಖ್ಯೆ. ನೈಟ್ರಿಕ್ ಆಕ್ಸೈಡಿನಂತಹ ಬೆರಳೆಣಿಕೆಯವು ಮಾತ್ರ ಬೆಸಸಂಖ್ಯೆಯವು. ಎಲೆಕ್ಟ್ರಾನುಗಳಿಗೆ ಜೋಡಿಯಾಗುವ ಸ್ವಭಾವವಿದೆ ಎಂದು ಲೂಯಿಸ್ ಊಹಿಸಿದರು. 1916ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಹಳೆಯ ಗೆರೆಯ ಗುಟ್ಟು ಅಲ್ಲಿ ಹೊರಬಿತ್ತು: ಒಂದು ಗೆರೆ ಎಂದರೆ ಎರಡೂ ಪರಮಾಣುಗಳಿಗೆ ಸೇರಿದ ಒಂದು ಜೋಡಿ ಎಲೆಕ್ಟ್ರಾನು.

ಕ್ಲೋರಿನ್ನಿನ ಲೆಕ್ಕ ಮಾಡಿ ನೋಡಿ. ಹೊರಕವಚದಲ್ಲಿ 7 ಎಲೆಕ್ಟ್ರಾನುಗಳು. ಎರಡು ಕ್ಲೋರಿನ್ ಸೇರಿದರೆ 14. ಕೊಟ್ಟು ತೆಗೆದುಕೊಳ್ಳುವ ಲೆಕ್ಕದಲ್ಲಿ ಒಂದಕ್ಕೆ 8 ಆದರೆ ಇನ್ನೊಂದಕ್ಕೆ ಬರೀ 6. ಆದರೆ ಎರಡನ್ನು ನಡುವೆ ಇಟ್ಟು ಇಬ್ಬರೂ ತಮ್ಮದೆಂದು ಎಣಿಸಿದರೆ? ಪ್ರತಿಯೊಂದಕ್ಕೂ 8! ಯಾರೂ ಕಳೆದುಕೊಳ್ಳಲಿಲ್ಲ. ಹಂಚಿಕೆ ಸರಿಸಮನಾಗಿಯೇ ಇರಬೇಕೆಂದೂ ಇಲ್ಲ. ಹೈಡ್ರೋಜನ್ ಕ್ಲೋರೈಡಿನಲ್ಲಿ ಜೋಡಿ ಕ್ಲೋರಿನ್ನಿನ ಕಡೆಗೆ ವಾಲುತ್ತದೆ. ವಾಲುತ್ತಾ ಹೋಗಿ ಪೂರ್ತಿ ಒಂದು ಕಡೆ ಸೇರಿಬಿಟ್ಟರೆ ಅದೇ ಉಪ್ಪಿನ ಬಂಧ. ಬರ್ಜೀಲಿಯಸ್ ಕಂಡದ್ದು ಹೀಗೆ ಒಂದು ಕೊನೆಯನ್ನು ಮಾತ್ರ. ಲೂಯಿಸರ ಅತ್ಯಂತ ದೊಡ್ಡ ಒಳನೋಟ ಇದೇ ಎಂದು ನನ್ನ ಅಭಿಪ್ರಾಯ.

ಎಲ್ಲವೂ ಸರಿಯಿರಲಿಲ್ಲ. ಘನಾಕೃತಿಗಳಿಂದ ನೈಟ್ರೋಜನ್ನಿನ ಮೂರು ಬಂಧಗಳನ್ನು ತೋರಿಸಲಾಗಲಿಲ್ಲ; ಜೋಡಿಗಳನ್ನು ಚತುರ್ಮುಖಿಯ ಮೂಲೆಗಳಿಗೆ ಸಾಗಿಸಬೇಕಾಯಿತು. ಎರಡು ಋಣ ಕಣಗಳು ಹೇಗೆ ಜೊತೆಯಲ್ಲಿ ಇರುತ್ತವೆ ಎಂಬ ಪ್ರಶ್ನೆಗೆ ಲೂಯಿಸ್, ಅಷ್ಟು ಕಡಿಮೆ ದೂರದಲ್ಲಿ ಕೂಲಂಬನ ನಿಯಮ ನಡೆಯಲಿಕ್ಕಿಲ್ಲ ಎಂದರು. ಅದು ತಪ್ಪಾಗಿತ್ತು. ಬೋರರ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಸುತ್ತುತ್ತಿದ್ದವು, ಲೂಯಿಸರ ಪರಮಾಣುವಿನಲ್ಲಿ ಕೂತಿದ್ದವು. ಭೌತಶಾಸ್ತ್ರಜ್ಞರಿಗೆ ಇದು ರುಚಿಸಲಿಲ್ಲ.

ಮೊದಲ ಮಹಾಯುದ್ಧದಿಂದಾಗಿ ಲೂಯಿಸ್ ಸೇನೆಯ ಕೆಲಸಕ್ಕೆಂದು ಫ್ರಾನ್ಸಿಗೆ ಹೋದರು. 1919ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇರ್ವಿಂಗ್ ಲ್ಯಾಂಗ್ಮ್ಯೂರ್ ಈ ವಿಚಾರವನ್ನು ವಿಸ್ತರಿಸಿ ಬರೆದರು. ‘ಕೋವೇಲೆನ್ಸ್’ ಎಂಬ ಪದ ಅವರದೇ; ನಮ್ಮ ‘ಸಹವೇಲೆನ್ಸಿ’ ಅದರಿಂದಲೇ ಬಂದದ್ದು. ಅವರು ಅದ್ಭುತ ಭಾಷಣಕಾರ. ಲೂಯಿಸರ ಹೆಸರನ್ನು ಅವರು ಮುಚ್ಚಿಡಲಿಲ್ಲವಾದರೂ ಕೇಳಿದ ಜನ ಅದನ್ನು ಲ್ಯಾಂಗ್ಮ್ಯೂರ್ ಸಿದ್ಧಾಂತವೆಂದೇ ಕರೆಯತೊಡಗಿದರು. ಲೂಯಿಸರಿಗೆ ನೋವಾಯಿತು. 1923ರಲ್ಲಿ ವೇಲೆನ್ಸಿಯ ಬಗ್ಗೆ ಪುಸ್ತಕ ಬರೆದಾಗ ತಮ್ಮ 1902ರ ಹಾಳೆಯ ಚಿತ್ರವನ್ನು ಅದರಲ್ಲಿ ಅಚ್ಚು ಹಾಕಿಸಿದರು. ವಿಚಾರ ಎಂದಿನದು ಎಂದು ಓದುಗರೇ ನೋಡಲಿ ಎಂದಿರಬೇಕು.

ಬಂಧ ಏಕೆ ಉಂಟಾಗುತ್ತದೆ ಎಂಬುದಕ್ಕೆ ನಿಜವಾದ ಉತ್ತರ ಬಂದದ್ದು 1927ರಲ್ಲಿ, ಜ್ಯೂರಿಕ್‌ನಲ್ಲಿದ್ದ ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ಯುವಕರಿಂದ. ಆಗಷ್ಟೇ ಹುಟ್ಟಿದ್ದ ಕ್ವಾಂಟಂ ಸಿದ್ಧಾಂತವನ್ನು ಅವರು ಹೈಡ್ರೋಜನ್ ಅಣುವಿಗೆ ಅನ್ವಯಿಸಿದರು. ಎರಡು ಎಲೆಕ್ಟ್ರಾನುಗಳ ಸ್ಪಿನ್ ವಿರುದ್ಧವಾಗಿದ್ದರೆ ಅವು ಎರಡೂ ನ್ಯೂಕ್ಲಿಯಸ್ಸುಗಳ ನಡುವಿನ ಜಾಗದಲ್ಲಿ ದಟ್ಟವಾಗುತ್ತವೆ. ಎರಡೂ ಕಡೆಯ ಧನ ನ್ಯೂಕ್ಲಿಯಸ್ಸುಗಳು ಆ ಋಣ ಮೋಡದ ಕಡೆಗೆ ಸೆಳೆಯಲ್ಪಡುತ್ತವೆ. ಯಾವ ಎಲೆಕ್ಟ್ರಾನು ಯಾರದು ಎಂದು ಗುರುತಿಸಲು ಸಾಧ್ಯವೇ ಇಲ್ಲ. ಹೈಡ್ರೋಜನ್ ಅಣುವಿನಲ್ಲಿ ಎರಡು ನ್ಯೂಕ್ಲಿಯಸ್ಸುಗಳ ಅಂತರ 74 ಪಿಕೊಮೀಟರ್. ಒಂದು ಮೋಲ್ ಅನಿಲದ ಬಂಧಗಳನ್ನು ಬಿಡಿಸಲು ಸುಮಾರು 436 ಕಿಲೋಜೂಲ್ ಶಕ್ತಿ ಬೇಕು. ಕೂಲಂಬನ ನಿಯಮಕ್ಕೆ ಏನೂ ಆಗಿರಲಿಲ್ಲ.

ಚುಕ್ಕೆಗಳಿಂದ ಎಲ್ಲವೂ ತಿಳಿಯುವುದಿಲ್ಲ. ಚುಕ್ಕೆ ಇಟ್ಟು ಬರೆದರೆ ಆಕ್ಸಿಜನ್ ಅಣುವಿನ ಎಲೆಕ್ಟ್ರಾನುಗಳೆಲ್ಲ ಜೋಡಿಯಾಗಿವೆ ಎನಿಸುತ್ತದೆ. ಆದರೆ ದ್ರವರೂಪದ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಅಲ್ಲಿವೆ. ಅದಕ್ಕೆ ಅಣು ಕಕ್ಷಕಗಳ ಸಿದ್ಧಾಂತವೇ ಬರಬೇಕಾಯಿತು.

ಲೂಯಿಸರ ಹೆಸರು ನೊಬೆಲ್ ಬಹುಮಾನಕ್ಕೆ ಮತ್ತೆ ಮತ್ತೆ ಸೂಚಿತವಾಯಿತು, ಬಹುಮಾನ ಮಾತ್ರ ಬರಲಿಲ್ಲ. ಲ್ಯಾಂಗ್ಮ್ಯೂರರಿಗೆ 1932ರಲ್ಲಿ ಬೇರೆ ಸಂಶೋಧನೆಗಾಗಿ ಬಂತು. ಬರ್ಕ್ಲಿಯಲ್ಲಿ ಲೂಯಿಸರ ಬಳಿ ಪಳಗಿದ ಯೂರಿ, ಸೀಬೋರ್ಗ್ ಮೊದಲಾದವರಿಗೂ ಬಂತು. 1946ರ ಮಾರ್ಚ್ 23ರಂದು, ಎಪ್ಪತ್ತರ ವಯಸ್ಸಿನಲ್ಲಿ, ಲೂಯಿಸ್ ತಮ್ಮ ಪ್ರಯೋಗಶಾಲೆಯಲ್ಲೇ ಕೊನೆಯುಸಿರೆಳೆದರು. ವಿದ್ಯಾರ್ಥಿಯಾಗಿದ್ದಾಗಲೇ ಅವರ 1916ರ ಲೇಖನವನ್ನು ಓದಿ ಮಾರುಹೋಗಿದ್ದ ಲೈನಸ್ ಪೌಲಿಂಗ್, ಆ ವಿಚಾರವನ್ನು ಕ್ವಾಂಟಂ ಸಿದ್ಧಾಂತದೊಡನೆ ಬೆಸೆದು ರಾಸಾಯನಿಕ ಬಂಧದ ಬಗ್ಗೆ ಬರೆದ ಹೆಸರಾಂತ ಪುಸ್ತಕ 1939ರಲ್ಲಿ ಪ್ರಕಟವಾಗಿತ್ತು. ಅದರ ಅರ್ಪಣೆಯ ಪುಟದಲ್ಲಿರುವುದು ಗಿಲ್ಬರ್ಟ್ ನ್ಯೂಟನ್ ಲೂಯಿಸರ ಹೆಸರು.